ಎಸ್‌ಎಸ್‌ಡಿ ಹಾಕಿದ್ರ ವಿಂಡೋಸ್ ಲೈಸೆನ್ಸ್ ಹೋಗೂದಿಲ್ರಿ, ಹೋಗೂವು ಬ್ಯಾರೆ ಅದಾವ

ಬೆಳಗಾವಿಯ ಖಡೇಬಜಾರ ಇರಲಿ, ಬಾಗಲಕೋಟೆಯ ನವನಗರ ಇರಲಿ, ವಿಜಯಪುರದ ಗಾಂಧಿ ಚೌಕ ಇರಲಿ, ಕಂಪ್ಯೂಟರ್ ರಿಪೇರಿ ಅಂಗಡಿಗಳ ಕೌಂಟರ್ ಮುಂದೆ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ:

“ಅಣ್ಣಾರ, ಎಸ್‌ಎಸ್‌ಡಿ ಹಾಕಿದ್ರ ಇದರಾಗಿನ ವಿಂಡೋಸ್ ಹೋಗತೈತೇನ್ರಿ?”

“ಹೋಗತೈತ್ರಿ. ಹೊಸಾದ್ ಹಾಕಬೇಕು. ಅದರ ರೊಕ್ಕ ಬ್ಯಾರೆ.”

ಎಸ್‌ಎಸ್‌ಡಿ ಅಂದರೆ ಹಳೆ ಹಾರ್ಡ್‌ಡಿಸ್ಕಿನ ಬದಲು ಹಾಕುವ, ಅದಕ್ಕಿಂತ ವೇಗದ ಡಿಸ್ಕ್. ಅಂಗಡಿಯವರ ಈ ಉತ್ತರದಲ್ಲಿ ಅರ್ಧ ಮಾತ್ರ ಖರೆ. ವಿಂಡೋಸ್‌ನ ಫೈಲುಗಳು ಹಳೆ ಡಿಸ್ಕಿನಲ್ಲಿ ಉಳಿಯುತ್ತವೆ, ಹೌದು. ಆದರೆ ಲೈಸೆನ್ಸ್ ಆ ಡಿಸ್ಕಿನಲ್ಲಿ ಇರುವುದೇ ಇಲ್ಲ. ಲ್ಯಾಪ್‌ಟಾಪ್ ಕೊಳ್ಳುವಾಗಲೇ ನೀವು ಅದಕ್ಕೆ ರೊಕ್ಕ ಕೊಟ್ಟಾಗಿದೆ. ಅದು ಮದರ್‌ಬೋರ್ಡಿನಲ್ಲಿ, ಅಂದರೆ ಯಂತ್ರದ ಮುಖ್ಯ ಬೋರ್ಡಿನಲ್ಲಿ, ಕೂತಿದೆ. ಅದೇ ವಿಂಡೋಸಿಗೆ ಎರಡನೇ ಸಲ ರೊಕ್ಕ ಕೊಡುವುದು ಅನ್ಯಾಯ. ಅದಕ್ಕಿಂತ ದೊಡ್ಡ ಅನ್ಯಾಯವೆಂದರೆ, ರೊಕ್ಕ ತೆಗೆದುಕೊಂಡು ಅಸಲಿ ಲೈಸೆನ್ಸ್ ಇರುವ ಯಂತ್ರದ ಮೇಲೆ ಕ್ರ್ಯಾಕ್ ಮಾಡಿದ (ಲೈಸೆನ್ಸ್ ಇಲ್ಲದೆ ಓಡುವಂತೆ ತಿರುಚಿದ) ವಿಂಡೋಸ್ ಕೂರಿಸುವುದು. ಇದು ನಮ್ಮ ಭಾಗದಲ್ಲಿ ಬಹಳ ನಡೆಯುತ್ತದೆ. ಹಾಗಾಗಿ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳುವ ಮೊದಲು ಏನು ನೋಡಬೇಕು, ಆಮೇಲೆ ಏನು ಮಾಡಬೇಕು ಅನ್ನುವುದನ್ನು ಇಲ್ಲಿ ಬಿಡಿಸಿ ಬರೆದಿದ್ದೇವೆ.

ಲೈಸೆನ್ಸ್ ಎಲ್ಲಿರುತ್ತದೆ

2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಕಂಪನಿಗಳು ಪ್ರಾಡಕ್ಟ್ ಕೀಯನ್ನು ಮದರ್‌ಬೋರ್ಡಿನ ಬಯೋಸ್ (ಯಂತ್ರವನ್ನು ಎಬ್ಬಿಸುವ ಮೂಲ ಪ್ರೋಗ್ರಾಮ್) ಚಿಪ್‌ನೊಳಗೇ ಬರೆದು ಕಳಿಸುತ್ತವೆ. ಆ ಜಾಗಕ್ಕೆ ಎಂಎಸ್‌ಡಿಎಂ ಟೇಬಲ್ ಅನ್ನುತ್ತಾರೆ. ಡಿಸ್ಕ್ ಬದಲಿಸಿ, ಫಾರ್ಮ್ಯಾಟ್ ಹೊಡೆಯಿರಿ, ಪೂರ್ತಿ ತೆಗೆದೇ ಬಿಡಿ, ಆ ಕೀ ಅಲ್ಲಾಡುವುದಿಲ್ಲ. ವಿಂಡೋಸ್ ಇನ್‌ಸ್ಟಾಲರ್ ಅದನ್ನು ತಾನಾಗಿ ಓದಿಕೊಳ್ಳುತ್ತದೆ. ಲ್ಯಾಪ್‌ಟಾಪಿನ ಅಡಿಯಲ್ಲಿ ವಿಂಡೋಸ್ 7 ಕಾಲದ 25 ಅಕ್ಷರಗಳ ಸ್ಟಿಕ್ಕರ್ ಈಗ ಕಾಣದಿರುವುದು ಇದೇ ಕಾರಣಕ್ಕೆ.

2015ರಲ್ಲಿ ವಿಂಡೋಸ್ 10 ಜತೆಗೆ ಇನ್ನೊಂದು ಪದ್ಧತಿ ಬಂತು, ಡಿಜಿಟಲ್ ಲೈಸೆನ್ಸ್. ಯಂತ್ರ ಒಮ್ಮೆ ಆಕ್ಟಿವೇಟ್ ಆದಾಗ (ಲೈಸೆನ್ಸ್ ಅಸಲಿ ಎಂದು ಮೈಕ್ರೋಸಾಫ್ಟ್ ಒಪ್ಪಿದಾಗ) ಅದರ ಹಾರ್ಡ್‌ವೇರಿನ ಗುರುತು ಮೈಕ್ರೋಸಾಫ್ಟ್‌ನ ಸರ್ವರಿನಲ್ಲಿ ದಾಖಲಾಗುತ್ತದೆ. ಆ ಗುರುತಿನಲ್ಲಿ ಹೆಚ್ಚಿನ ತೂಕ ಮದರ್‌ಬೋರ್ಡಿಗೆ. ಡಿಸ್ಕ್, ರ‍್ಯಾಮ್ ಬದಲಿಸಿದರೆ ಸರ್ವರ್ ಯಂತ್ರವನ್ನು ಗುರುತಿಸುತ್ತದೆ, ಬೋರ್ಡ್ ಬದಲಿಸಿದರೆ ಗುರುತಿಸುವುದಿಲ್ಲ. ವಿಂಡೋಸ್ 7 ಇದ್ದ ಹಳೆಯ ಯಂತ್ರವನ್ನು ಆಗ ಉಚಿತವಾಗಿ 10ಕ್ಕೆ ಏರಿಸಿಕೊಂಡಿದ್ದರೆ ಅದೂ ಹೀಗೇ ದಾಖಲಾಗಿದೆ, ಎಸ್‌ಎಸ್‌ಡಿ ಹಾಕಿದರೂ ನಡೆಯುತ್ತದೆ. ಆದರೆ ಇಷ್ಟು ದಿನ 7ರಲ್ಲೇ ಉಳಿದಿದ್ದ ಯಂತ್ರದ ಸ್ಟಿಕ್ಕರ್ ಕೀ ಹಾಕಿ ಈಗ 10 ಅಥವಾ 11 ಆಕ್ಟಿವೇಟ್ ಮಾಡಲು ಆಗುವುದಿಲ್ಲ. ಆ ಬಾಗಿಲನ್ನು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲಿ ಮುಚ್ಚಿತು.

ಇನ್ನು ಬಿಡಿಯಾಗಿ ಕೊಂಡ ರಿಟೇಲ್ ಲೈಸೆನ್ಸ್ ಇದೆ. ಅದೊಂದನ್ನು ಮಾತ್ರ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಒಯ್ಯಬಹುದು. ಕಾಲೇಜು, ಕಚೇರಿಗಳಲ್ಲಿ ಇರುವುದು ವಾಲ್ಯೂಮ್ ಲೈಸೆನ್ಸ್, ಅದು ಸಂಸ್ಥೆಯ ಸ್ವತ್ತು. ಅಂಥ ಯಂತ್ರದ ಡಿಸ್ಕ್ ಬದಲಿಸುವ ಮೊದಲು ಅಲ್ಲಿನ ಸಿಸ್ಟಮ್ ನೋಡಿಕೊಳ್ಳುವವರನ್ನು ಕೇಳಿ.

ಬಿಚ್ಚುವ ಮೊದಲು

ಹಳೆ ಡಿಸ್ಕ್ ಇನ್ನೂ ಓಡುತ್ತಿರುವಾಗಲೇ ವಿಂಡೋಸ್ ಬಟನ್ ಜತೆಗೆ ಆರ್ ಒತ್ತಿ, ಬರುವ ಚಿಕ್ಕ ಪೆಟ್ಟಿಗೆಯಲ್ಲಿ ಎಸ್‌ಎಲ್‌ಎಂಜಿಆರ್ /ಡಿಎಲ್‌ಐ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ, ಸ್ಲ್ಯಾಶ್‌ಗೆ ಮುಂಚೆ ಒಂದು ಸ್ಪೇಸ್ ಬಿಟ್ಟು. ಕೆಲವು ಸೆಕೆಂಡಿನಲ್ಲಿ ಒಂದು ಕಿಟಕಿ ತೆರೆಯುತ್ತದೆ. ಅದರ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಅದರಲ್ಲಿ ನೋಡಬೇಕಾದ್ದು ಎರಡು: ಎಡಿಷನ್ (ಹೋಮ್, ಪ್ರೊ ಮುಂತಾದ ಆವೃತ್ತಿ) ಯಾವುದು, ಚಾನೆಲ್ (ಲೈಸೆನ್ಸ್ ಬಂದ ದಾರಿ) ಯಾವುದು.

ಚಾನೆಲ್ ಜಾಗದಲ್ಲಿ ಓಇಎಂ_ಡಿಎಂ ಎಂದಿದ್ದರೆ ಕೀ ಬಯೋಸಿನಲ್ಲಿದೆ, ನಿಶ್ಚಿಂತೆ. ರಿಟೇಲ್ ಎಂದಿದ್ದರೆ ಎರಡು ಅರ್ಥವಿದೆ: ನಿಜವಾಗಿ ಕೊಂಡ ಕೀ ಇರಬಹುದು, ಇಲ್ಲವೇ ಡಿಜಿಟಲ್ ಲೈಸೆನ್ಸ್ ಇರಬಹುದು. ಕೀಯ ಕೊನೆಯ ಐದು ಅಕ್ಷರ ನೋಡಿದರೆ ಗೊತ್ತಾಗುತ್ತದೆ. ಪ್ರೊ ಆವೃತ್ತಿಯಲ್ಲಿ 3ವಿ66ಟಿ, ಹೋಮ್ ಆವೃತ್ತಿಯಲ್ಲಿ 8ಎಚ್‌ವಿಎಕ್ಸ್7 ಎಂದಿದ್ದರೆ ಅದು ಡಿಜಿಟಲ್ ಲೈಸೆನ್ಸ್ ಇರುವ ಲಕ್ಷಾಂತರ ಯಂತ್ರಗಳಿಗೆಲ್ಲ ಒಂದೇ ಆಗಿರುವ ಸಾಮಾನ್ಯ ಕೀ. ಅದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ‘ಲೈಸೆನ್ಸ್ ಬ್ಯಾಕಪ್ ಆಯಿತು’ ಅಂದುಕೊಳ್ಳುವವರು ಬಹಳ ಜನ. ಆ ಕೀ ತಾನಾಗಿ ಏನನ್ನೂ ಆಕ್ಟಿವೇಟ್ ಮಾಡುವುದಿಲ್ಲ. ಬಯೋಸಿನಲ್ಲಿರುವ ಕೀಯನ್ನೂ ಈಗ ಓಡುತ್ತಿರುವ ಕೀಯನ್ನೂ ಅಕ್ಕಪಕ್ಕ ನೋಡಬೇಕಾದರೆ ಶೋಕೀಪ್ಲಸ್ ಎಂಬ ಉಚಿತ ಸಾಧನ ಸಾಕು.

ವಾಲ್ಯೂಮ್_ಕೆಎಂಎಸ್‌ಕ್ಲೈಂಟ್ ಎಂದು ಬಂದರೆ ಅಲ್ಲೇ ನಿಲ್ಲಿ. ಕಚೇರಿಯ ಯಂತ್ರವಾಗಿದ್ದರೆ ಅದು ಸಹಜ. ಮನೆಯ ಲ್ಯಾಪ್‌ಟಾಪಿನಲ್ಲಿ ಹಾಗೆ ಬಂದರೆ ಯಾರೋ ಕ್ರ್ಯಾಕ್ ಹಾಕಿದ್ದಾರೆ ಎಂದೇ ಹಿಡಿಯಬೇಕು. ಕೆಎಂಎಸ್, ಅಂದರೆ ಸಂಸ್ಥೆಯ ಸ್ವಂತ ಸರ್ವರಿನಿಂದ ಮಾಡುವ ಆಕ್ಟಿವೇಷನ್, 180 ದಿನಕ್ಕೆ ಮಾತ್ರ; ಅದನ್ನು ಮತ್ತೆ ಮತ್ತೆ ನವೀಕರಿಸಲು ಒಂದು ಪ್ರೋಗ್ರಾಮ್ ಹಿಂದೆ ಓಡುತ್ತಲೇ ಇರುತ್ತದೆ. ಅದು ಓಡಬೇಕಾದರೆ ವಿಂಡೋಸ್‌ನ ಆಂಟಿವೈರಸ್ ಆದ ಡಿಫೆಂಡರ್ ಅದನ್ನು ಹಿಡಿಯದಂತೆ ಮಾಡಿರುತ್ತಾರೆ. ಅಂಥ ಯಂತ್ರದಲ್ಲಿ ನೆಟ್‌ಬ್ಯಾಂಕಿಂಗ್ ಮಾಡುವುದು, ಗ್ರಾಹಕರ ಜಿಎಸ್‌ಟಿ ಲಾಗಿನ್ ತೆರೆಯುವುದು ಅಪಾಯ. ಇಂಥ ಡಿಸ್ಕನ್ನು ಕ್ಲೋನ್ (ಇದ್ದದ್ದು ಇದ್ದಂತೆ ಹೊಸ ಡಿಸ್ಕಿಗೆ ನಕಲು) ಮಾಡಬೇಡಿ, ಕ್ರ್ಯಾಕೂ ಜತೆಗೆ ಬರುತ್ತದೆ. ಹೊಸ ಎಸ್‌ಎಸ್‌ಡಿಯಲ್ಲಿ ಹೊಸದಾಗಿ ವಿಂಡೋಸ್ ಹಾಕಿ. ಬಹಳಷ್ಟು ಸಲ ಬಯೋಸಿನಲ್ಲಿರುವ ಅಸಲಿ ಕೀ ಎದ್ದು ಬಂದು ಯಂತ್ರ ತಾನಾಗಿ ಆಕ್ಟಿವೇಟ್ ಆಗುತ್ತದೆ.

ಎಡಿಷನ್ ಯಾಕೆ ಮುಖ್ಯ ಅಂದರೆ, ಭಾರತದಲ್ಲಿ ಮಾರಾಟವಾಗುವ ಲ್ಯಾಪ್‌ಟಾಪುಗಳಲ್ಲಿ ಬಹುಪಾಲು ಬರುವುದು ಹೋಮ್ ಸಿಂಗಲ್ ಲ್ಯಾಂಗ್ವೇಜ್ ಆವೃತ್ತಿ. ಬಯೋಸಿನ ಕೀ ಆ ಆವೃತ್ತಿಗೆ ಮಾತ್ರ ಸಲ್ಲುತ್ತದೆ. ‘ಪ್ರೊ ಹಾಕಿ ಕೊಡ್ತೇನ್ರಿ, ಅದು ಚಲೋ’ ಎಂದು ಯಾರಾದರೂ ಅಂದರೆ ಬೇಡ ಅನ್ನಿ. ಪ್ರೊ ಹಾಕಿದ ಕೂಡಲೇ ನಿಮ್ಮ ಲೈಸೆನ್ಸ್ ಇದ್ದೂ ಇಲ್ಲದಂತೆ. ಸಿಂಗಲ್ ಲ್ಯಾಂಗ್ವೇಜ್ ಅಂದರೆ ಕನ್ನಡ ಟೈಪಿಸಲು ಬರುವುದಿಲ್ಲ ಎಂಬ ಭಯವೂ ಬೇಡ. ಮೆನುಗಳ ಭಾಷೆ ಒಂದೇ ಇರುತ್ತದೆ, ಅಷ್ಟೇ. ಕೀಬೋರ್ಡ್ ಎಷ್ಟು ಭಾಷೆಯದಾದರೂ ಸೇರಿಸಿಕೊಳ್ಳಬಹುದು.

ಕೊನೆಗೆ ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಷನ್ ಪುಟ ತೆರೆಯಿರಿ. ಡಿಜಿಟಲ್ ಲೈಸೆನ್ಸ್ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಜೋಡಣೆಯಾಗಿದೆ ಎಂದು ಅಲ್ಲಿ ಬರೆದಿರಬೇಕು. ಇರದಿದ್ದರೆ ನಿಮ್ಮ ಅಕೌಂಟಿನಿಂದ ಸೈನ್ ಇನ್ ಆಗಿ ಜೋಡಿಸಿಕೊಳ್ಳಿ. ಡಿಸ್ಕ್ ಬದಲಿಸಲು ಇದು ಕಡ್ಡಾಯವಲ್ಲ. ಆದರೆ ಮುಂದೆ ಎಂದಾದರೂ ಆಕ್ಟಿವೇಷನ್ ತಪ್ಪಿದರೆ ಟ್ರಬಲ್‌ಶೂಟರ್ ಕೇಳುವುದು ಈ ಜೋಡಣೆಯನ್ನೇ.

ಬಿಟ್‌ಲಾಕರ್ ಎಂಬ ಬೀಗ

ಲೈಸೆನ್ಸಿಗಿಂತ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿ. ಬಿಟ್‌ಲಾಕರ್ ಅಂದರೆ ಡಿಸ್ಕಿನಲ್ಲಿರುವುದನ್ನು ಕೀ ಇಲ್ಲದೆ ಯಾರೂ ಓದಲಾಗದಂತೆ ಮಾಡುವ ವಿಂಡೋಸ್‌ನ ಏರ್ಪಾಡು. ಹೋಮ್ ಆವೃತ್ತಿಯಲ್ಲಿ ಇದಕ್ಕೆ ಡಿವೈಸ್ ಎನ್‌ಕ್ರಿಪ್ಷನ್ ಎಂದು ಹೆಸರು. ಹೊಸ ಲ್ಯಾಪ್‌ಟಾಪುಗಳಲ್ಲಿ, ಅದರಲ್ಲೂ ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿದ ಯಂತ್ರಗಳಲ್ಲಿ, ಮೈಕ್ರೋಸಾಫ್ಟ್ ಅಕೌಂಟಿನಿಂದ ಸೈನ್ ಇನ್ ಆದ ಕೂಡಲೇ ಯಾರನ್ನೂ ಕೇಳದೆ ಇದು ಚಾಲೂ ಆಗಿರುತ್ತದೆ. ಡಿಸ್ಕಿನ ಬೀಗದ ಕೈ ಮದರ್‌ಬೋರ್ಡಿನ ಟಿಪಿಎಂ ಎಂಬ ಭದ್ರತೆಯ ಭಾಗದಲ್ಲಿ ಇರುತ್ತದೆ. ಹಳೆ ಡಿಸ್ಕನ್ನು ಬಿಚ್ಚಿ ಯುಎಸ್‌ಬಿ ಕೇಬಲ್ಲಿನಲ್ಲಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಸಿಗದಿದ್ದರೆ ಒಳಗಿನ ಫೋಟೋ, ಲೆಕ್ಕಪತ್ರ ಯಾವುದೂ ಸಿಗುವುದಿಲ್ಲ. ಇದಕ್ಕೆ ಅಡ್ಡದಾರಿ ಇಲ್ಲ.

ರಿಕವರಿ ಕೀ ಇರುವುದು ಮೈಕ್ರೋಸಾಫ್ಟ್ ಅಕೌಂಟಿನಲ್ಲಿ. ಯಾರ ಅಕೌಂಟು? ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗರು ಬೇಗ ಮುಗಿಸಲೆಂದು ತಾವೇ ಒಂದು ಇ-ಮೇಲ್ ಸೃಷ್ಟಿಸಿ ಸೆಟಪ್ ಮಾಡಿ ಕೊಡುವುದುಂಟು. ಹಾಗಾಗಿದ್ದರೆ ರಿಕವರಿ ಕೀ, ಜತೆಗೆ ಬಂದ ಆಫೀಸ್ ಲೈಸೆನ್ಸ್ ಎರಡೂ ನಿಮಗೆ ಪಾಸ್‌ವರ್ಡ್ ಗೊತ್ತಿಲ್ಲದ ಆ ಅಕೌಂಟಿನಲ್ಲಿವೆ. ಸೆಟ್ಟಿಂಗ್ಸ್‌ನ ಅಕೌಂಟ್ಸ್ ಪುಟದಲ್ಲಿ ಯಾವ ಇ-ಮೇಲ್ ಇದೆ ನೋಡಿ. ಅದು ನಿಮ್ಮದಲ್ಲದಿದ್ದರೆ, ಯಂತ್ರ ತೆರೆದುಕೊಳ್ಳುತ್ತಿರುವಾಗಲೇ ಎನ್‌ಕ್ರಿಪ್ಷನ್ ಬಂದ್ ಮಾಡಬೇಕು.

ಬಂದ್ ಮಾಡುವ ಜಾಗ: ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯೂರಿಟಿ, ಡಿವೈಸ್ ಎನ್‌ಕ್ರಿಪ್ಷನ್. ಆಫ್ ಒತ್ತಿದ ಮೇಲೆ ಡಿಸ್ಕ್ ಪೂರ್ತಿ ಬಿಡಿಸಿಕೊಳ್ಳಲು ಸಮಯ ಹಿಡಿಯುತ್ತದೆ; ತುಂಬಿದ ಹಾರ್ಡ್‌ಡಿಸ್ಕಾದರೆ ಕೆಲವು ತಾಸು. ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ಮ್ಯಾನೇಜ್-ಬಿಡಿಇ -ಸ್ಟೇಟಸ್ ಎಂದು ಹಾಕಿದರೆ ಎಷ್ಟು ಶೇಕಡಾ ಉಳಿದಿದೆ ಎಂದು ತೋರಿಸುತ್ತದೆ. ಸೊನ್ನೆಗೆ ಇಳಿಯುವವರೆಗೆ ಡಿಸ್ಕ್ ಮುಟ್ಟಬೇಡಿ. ಸಸ್ಪೆಂಡ್ ಮಾಡಿದರೆ ಸಾಲದೇ ಎಂದು ಕೇಳುತ್ತಾರೆ. ವಿಂಡೋಸ್ ಒಳಗಿನಿಂದಲೇ ಕ್ಲೋನ್ ಮಾಡುವ ಪ್ರೋಗ್ರಾಮಿಗೆ ಸಾಲುತ್ತದೆ, ಹೊರಗಿನಿಂದ ಬೂಟ್ ಆಗುವ ಕ್ಲೋನ್‌ಜಿಲ್ಲಾದಂಥದ್ದಕ್ಕೆ ಅದು ಬರೀ ಬೀಗ ಹಾಕಿದ ಪೆಟ್ಟಿಗೆ. ಪೂರ್ತಿ ತೆಗೆದುಬಿಡುವುದೇ ಒಳ್ಳೆಯದು. ಹೊಸ ಡಿಸ್ಕಿನಲ್ಲಿ ಮತ್ತೆ ಚಾಲೂ ಮಾಡಿಕೊಂಡರಾಯಿತು.

ಯಾವ ಎಸ್‌ಎಸ್‌ಡಿ

ಇದನ್ನು ಬೇಗ ಹೇಳಿ ಮುಗಿಸೋಣ. ಹಳೆ ಲ್ಯಾಪ್‌ಟಾಪಿನಲ್ಲಿ ಹಾರ್ಡ್‌ಡಿಸ್ಕ್ ಜಾಗಕ್ಕೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ, ದಪ್ಪ 7 ಮಿ.ಮೀ. ಹಳೆಯದು 9.5 ಮಿ.ಮೀ. ಇದ್ದರೆ ಅಂತರ ತುಂಬಲು ಪ್ಲಾಸ್ಟಿಕ್ ಫ್ರೇಮ್ ಬೇಕಾಗುತ್ತದೆ. ಎಂ.2 ಸ್ಲಾಟ್ ಇದ್ದರೆ ಅದು ಸಾಟಾ (ಹಳೆಯ ಬಗೆ) ಮಾತ್ರ ಹಿಡಿಯುತ್ತದೋ, ಎನ್‌ವಿಎಂಇ (ಹೊಸ, ಹೆಚ್ಚು ವೇಗದ ಬಗೆ) ಹಿಡಿಯುತ್ತದೋ ಎಂದು ಮಾಡೆಲ್ ನಂಬರ್ ಹಾಕಿ ಮ್ಯಾನುಯಲ್ ನೋಡಿಯೇ ಕೊಳ್ಳಿ. ನೋಡಲು ಒಂದೇ ತರಹ ಇದ್ದರೂ ಒಂದರ ಜಾಗದಲ್ಲಿ ಇನ್ನೊಂದು ಕೆಲಸ ಮಾಡದೇ ಇರಬಹುದು. 2280 ಅಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಅದನ್ನು ಒತ್ತಿ ಹಿಡಿಯುವ ಚಿಕ್ಕ ಸ್ಕ್ರೂ ಖಾಲಿ ಸ್ಲಾಟುಗಳಲ್ಲಿ ಬಹಳಷ್ಟು ಸಲ ಇರುವುದಿಲ್ಲ. ಜಮಖಂಡಿ, ಅಥಣಿ, ಸಿಂದಗಿ ಕಡೆಯಿಂದ ಪೇಟೆಗೆ ಬಂದು ಎಸ್‌ಎಸ್‌ಡಿ ಒಯ್ಯುವವರು ಅದನ್ನೂ ಅಲ್ಲೇ ಕೇಳಿ ತೆಗೆದುಕೊಳ್ಳಿ.

ಕ್ಲೋನ್ ಮಾಡುವುದಾದರೆ

ಇದ್ದ ವಿಂಡೋಸ್ ಚೆನ್ನಾಗಿದ್ದು, ಸಾಫ್ಟ್‌ವೇರುಗಳ ಮರುಜೋಡಣೆ ದೊಡ್ಡ ಕೆಲಸ ಎನಿಸಿದರೆ ಕ್ಲೋನ್ ಸರಿ. ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಹಳೆ ಡಿಸ್ಕಿನ ಆರೋಗ್ಯ ನೋಡಿ. ರೀಅಲೊಕೇಟೆಡ್, ಪೆಂಡಿಂಗ್ ಸೆಕ್ಟರುಗಳ ಸಂಖ್ಯೆ ಬಂದು ಹಳದಿ ಬಣ್ಣ ತೋರಿಸಿದರೆ ಕ್ಲೋನ್ ವಿಚಾರ ಬಿಡಿ. ಬೇಕಾದ ಫೈಲುಗಳನ್ನು ಮೊದಲು ತೆಗೆದಿಡಿ. ಸಾಯುತ್ತಿರುವ ಡಿಸ್ಕನ್ನು ಪೂರ್ತಿ ಓದಿಸುವುದೆಂದರೆ ಇರುವ ಆಯುಷ್ಯವನ್ನೂ ಅದರಲ್ಲೇ ಕಳೆಯುವುದು.

ಡಿಸ್ಕ್ ಗಟ್ಟಿಯಿದ್ದರೆ ಸಿಎಚ್‌ಕೆಡಿಎಸ್‌ಕೆ ಸಿ: /ಎಫ್ ಒಮ್ಮೆ ಓಡಿಸಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆದುಹಾಕಿ. ಅದು ಚಾಲೂ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರ್ಧ ನಿದ್ದೆಯಲ್ಲೇ ಇರುತ್ತದೆ, ಕ್ಲೋನ್‌ಜಿಲ್ಲಾ ಅಂಥ ಪಾರ್ಟಿಷನ್ನನ್ನು (ಡಿಸ್ಕಿನ ಭಾಗವನ್ನು) ಮುಟ್ಟಲು ಒಪ್ಪುವುದಿಲ್ಲ. ಹೊಸ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಾಗಿದ್ದರೆ (1 ಟಿಬಿ ಹಾರ್ಡ್‌ಡಿಸ್ಕಿನಿಂದ 512 ಜಿಬಿ ಎಸ್‌ಎಸ್‌ಡಿಗೆ ಹೋಗುವವರೇ ಹೆಚ್ಚು) ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಪಾರ್ಟಿಷನ್ನುಗಳನ್ನು ಮೊದಲು ಕುಗ್ಗಿಸಿಕೊಳ್ಳಬೇಕು. ಸ್ಯಾಮ್‌ಸಂಗ್, ಕ್ರೂಷಿಯಲ್, ಡಬ್ಲ್ಯುಡಿ ಕಂಪನಿಗಳು ತಮ್ಮ ಎಸ್‌ಎಸ್‌ಡಿ ಕೊಂಡವರಿಗೆ ಕ್ಲೋನಿಂಗ್ ಪ್ರೋಗ್ರಾಮ್ ಉಚಿತವಾಗಿ ಕೊಡುತ್ತವೆ. ಈ ಕುಗ್ಗಿಸುವ ಕೆಲಸ ಅವುಗಳಲ್ಲಿ ಸಲೀಸು.

ಸಮಯದ ಅಂದಾಜು ಹೀಗೆ: ಹಾರ್ಡ್‌ಡಿಸ್ಕ್ ಸೆಕೆಂಡಿಗೆ ಸುಮಾರು 80 ಎಂಬಿ ಓದಿದರೆ 200 ಜಿಬಿ ದಾಟಿಸಲು 40–45 ನಿಮಿಷ. ಹೊಸ ಎಸ್‌ಎಸ್‌ಡಿ ಜೋಡಿಸಿದ ಯುಎಸ್‌ಬಿ ಕೇಬಲ್ಲನ್ನು ಯುಎಸ್‌ಬಿ 2.0 ಪೋರ್ಟಿಗೆ ಚುಚ್ಚಿದರೆ ಎರಡು ತಾಸಿನ ಹತ್ತಿರ. ನೀಲಿ ಬಣ್ಣದ ಪೋರ್ಟ್ ಹುಡುಕಿ. ಲ್ಯಾಪ್‌ಟಾಪಿಗೆ ಬ್ಯಾಟರಿ ಸತ್ತಿದ್ದರೆ, ಅಥವಾ ಡೆಸ್ಕ್‌ಟಾಪಾಗಿದ್ದರೆ, ಯುಪಿಎಸ್ ಇಲ್ಲದೆ ಶುರು ಮಾಡಬೇಡಿ. ಮಧ್ಯೆ ಕರೆಂಟ್ ಹೋದರೆ ಹಳೆ ಡಿಸ್ಕಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಹೊಸದರ ಕೆಲಸ ಮೊದಲಿನಿಂದ ಮಾಡಬೇಕು. ವಿಜಯಪುರದ ಏಪ್ರಿಲ್–ಮೇ ಬಿಸಿಲಿನಲ್ಲಿ, 40 ಡಿಗ್ರಿ ದಾಟಿದ ಮಧ್ಯಾಹ್ನ, ಯುಎಸ್‌ಬಿ ಪೆಟ್ಟಿಗೆಯಲ್ಲಿಟ್ಟ ಎನ್‌ವಿಎಂಇ ಕೈ ಸುಡುವಷ್ಟು ಕಾಯುತ್ತದೆ. ಕಾದಾಗ ಅದು ತಾನಾಗಿ ವೇಗ ಇಳಿಸುತ್ತದೆ. ಫ್ಯಾನ್ ಗಾಳಿಗೆ ಇಡಿ, ಇಲ್ಲವೇ ಬೆಳಿಗ್ಗೆ ಮಾಡಿ.

ಕ್ಲೋನ್ ಮುಗಿದ ಮೇಲೆ ಎರಡೂ ಡಿಸ್ಕ್ ಜೋಡಿಸಿಟ್ಟುಕೊಂಡು ಬೂಟ್ ಮಾಡಬಾರದು. ಎರಡರ ಗುರುತಿನ ಸಂಖ್ಯೆ ಒಂದೇ ಆಗಿರುವುದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ, ಇಲ್ಲವೇ ಯಾವುದರಿಂದ ಎದ್ದಿತು ಎಂಬುದೇ ನಿಮಗೆ ಗೊತ್ತಾಗುವುದಿಲ್ಲ. ಹಳೆಯದನ್ನು ತೆಗೆದು ಹೊಸದೊಂದರಿಂದಲೇ ಎಬ್ಬಿಸಿ.

ಏಳದಿದ್ದರೆ ಕಾರಣ ಹೆಚ್ಚಾಗಿ ಎರಡರಲ್ಲಿ ಒಂದು. ಸಾಟಾದಿಂದ ಎನ್‌ವಿಎಂಇಗೆ ಹೋದಾಗ ನೀಲಿ ಪರದೆಯಲ್ಲಿ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂದು ಬರುತ್ತದೆ. ಇದುವರೆಗೆ ಬೇಕಾಗದಿದ್ದ ಎನ್‌ವಿಎಂಇ ಡ್ರೈವರನ್ನು ವಿಂಡೋಸ್ ಬೂಟ್ ಹೊತ್ತಿಗೆ ಎತ್ತಿಕೊಳ್ಳದಿರುವುದೇ ಕಾರಣ. ರಿಕವರಿ ಪರದೆಯಿಂದ ಒಂದು ಸಲ ಸೇಫ್ ಮೋಡಿನಲ್ಲಿ ಎಬ್ಬಿಸಿ. ಆಗ ಎಲ್ಲ ಮೂಲ ಡ್ರೈವರುಗಳೂ ಏಳುತ್ತವೆ, ಮುಂದಿನ ಸಲ ಸರಿಯಾಗಿ ಬೂಟ್ ಆಗುತ್ತದೆ. ಬಯೋಸಿನಲ್ಲಿ ಡಿಸ್ಕ್ ನಡೆಸುವ ವಿಧಾನ ಆರ್‌ಎಸ್‌ಟಿ ಅಥವಾ ವಿಎಂಡಿ (ಇಂಟೆಲ್‌ನ ವಿಧಾನಗಳು) ಎಂದಿದ್ದದ್ದನ್ನು ಎಎಚ್‌ಸಿಐಗೆ ಬದಲಿಸಿದರೂ ಇದೇ ನೀಲಿ ಪರದೆ. ಆದ್ದರಿಂದ ಕ್ಲೋನ್ ಮಾಡಿದಾಗ ಆ ಸೆಟ್ಟಿಂಗ್ ಮೊದಲಿದ್ದಂತೆಯೇ ಬಿಡಿ.

ಎರಡನೆಯ ಕಾರಣ, ಹಳೆ ಡಿಸ್ಕ್ ಎಂಬಿಆರ್ ಪದ್ಧತಿಯದಾಗಿದ್ದು (ಡಿಸ್ಕಿನ ಭಾಗಗಳ ಪಟ್ಟಿ ಬರೆದಿಡುವ ಹಳೆಯ ಪದ್ಧತಿ; ಹೊಸದು ಜಿಪಿಟಿ) ಲೆಗಸಿ ಎಂಬ ಹಳೆಯ ಬಗೆಯ ಬಯೋಸಿನಲ್ಲಿ ಓಡುತ್ತಿದ್ದುದು. ಎನ್‌ವಿಎಂಇಯಿಂದ ಬೂಟ್ ಆಗಲು ಸಾಮಾನ್ಯವಾಗಿ ಹೊಸ ಬಗೆಯ ಬಯೋಸ್ ಆದ ಯುಇಎಫ್‌ಐ ಬೇಕು, ಯುಇಎಫ್‌ಐಗೆ ಜಿಪಿಟಿ ಬೇಕು. ಹಳೆ ವಿಂಡೋಸ್ 10 ಒಳಗಿನಿಂದಲೇ ಎಂಬಿಆರ್2ಜಿಪಿಟಿ ಎಂಬ ಸಾಧನವನ್ನು ಮೊದಲು /ವ್ಯಾಲಿಡೇಟ್, ಆಮೇಲೆ /ಕನ್ವರ್ಟ್ ಆಯ್ಕೆಯೊಂದಿಗೆ ಓಡಿಸಬಹುದು. ಎರಡರಲ್ಲೂ /ಅಲೌಫುಲ್‌ಓಎಸ್ ಸೇರಿಸಬೇಕು. ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇದ್ದರೆ ಅದು ಒಪ್ಪುವುದಿಲ್ಲ. ಬ್ಯಾಕಪ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ಹೊಸದಾಗಿ ಹಾಕುವುದಾದರೆ

ವೈರಸ್ ಅನುಮಾನ, ಕ್ರ್ಯಾಕ್, ಐದಾರು ವರ್ಷದ ಕಸ ಇದ್ದರೆ ಇದೇ ಸರಿಯಾದ ದಾರಿ. ಕನಿಷ್ಠ 8 ಜಿಬಿಯ ಪೆನ್‌ಡ್ರೈವ್, ಮೈಕ್ರೋಸಾಫ್ಟ್‌ನ ಜಾಲತಾಣದಿಂದ ಮೀಡಿಯಾ ಕ್ರಿಯೇಷನ್ ಟೂಲ್, ಇಷ್ಟು ಸಾಕು. ಯಾರದೋ ಪೆನ್‌ಡ್ರೈವಿನಲ್ಲಿರುವ ‘ಆಲ್ ಇನ್ ಒನ್’ ವಿಂಡೋಸ್ ಬೇಡವೇ ಬೇಡ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಯಂತ್ರದಲ್ಲಿ ಟಿಪಿಎಂ 2.0 ಇದ್ದು ಪ್ರೊಸೆಸರ್ ಇಂಟೆಲ್ ಆದರೆ 8ನೇ ತಲೆಮಾರಿನದೋ ಮುಂದಿನದೋ ಆಗಿದ್ದರೆ ನೇರ 11 ಹಾಕಿ. ಅದೇ ಬೋರ್ಡಿನ ವಿಂಡೋಸ್ 10ರ ಡಿಜಿಟಲ್ ಲೈಸೆನ್ಸ್ 11ಕ್ಕೂ ನಡೆಯುತ್ತದೆ, ಹೋಮ್‌ಗೆ ಹೋಮ್, ಪ್ರೊಗೆ ಪ್ರೊ.

ಯಂತ್ರದಲ್ಲಿ ಎರಡು ಡಿಸ್ಕಿದ್ದರೆ ಇನ್‌ಸ್ಟಾಲ್ ಮಾಡುವಾಗ ಹಳೆಯದನ್ನು ಕಳಚಿಡಿ. ಕಳಚದಿದ್ದರೆ ಇನ್‌ಸ್ಟಾಲರ್ ಬೂಟ್ ಲೋಡರನ್ನು (ವಿಂಡೋಸ್ ಎಬ್ಬಿಸುವ ಪ್ರೋಗ್ರಾಮನ್ನು) ಹಳೆ ಡಿಸ್ಕಿನಲ್ಲೇ ಇರುವ ಇಎಫ್‌ಐ ಪಾರ್ಟಿಷನ್ನಿಗೆ ಬರೆದುಬಿಡುತ್ತದೆ. ಆರು ತಿಂಗಳ ಮೇಲೆ ಹಳೆ ಡಿಸ್ಕ್ ಕೆಟ್ಟ ದಿನ, ಚೆನ್ನಾಗಿರುವ ಎಸ್‌ಎಸ್‌ಡಿಯೂ ಏಳುವುದಿಲ್ಲ.

11ನೇ ತಲೆಮಾರಿನ ಇಂಟೆಲ್‌ನಿಂದ ಈಚಿನ ಲ್ಯಾಪ್‌ಟಾಪುಗಳಲ್ಲಿ ‘ಡಿಸ್ಕೇ ಕಾಣುತ್ತಿಲ್ಲ’ ಎಂಬ ತೊಂದರೆ ಬರುತ್ತದೆ. ಎಸ್‌ಎಸ್‌ಡಿ ಕೆಟ್ಟಿಲ್ಲ, ಅದು ವಿಎಂಡಿಯ ಹಿಂದೆ ಇದೆ. ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಆರ್‌ಎಸ್‌ಟಿ ಡ್ರೈವರ್ ಇಳಿಸಿ, ಬಿಡಿಸಿ, ಅದೇ ಪೆನ್‌ಡ್ರೈವಿನ ಒಂದು ಫೋಲ್ಡರಿನಲ್ಲಿಟ್ಟು ಲೋಡ್ ಡ್ರೈವರ್ ಒತ್ತಿ ತೋರಿಸಿದರೆ ಡಿಸ್ಕ್ ಕಾಣುತ್ತದೆ.

ಕೀ ಕೇಳಿದರೆ ‘ನನ್ನ ಬಳಿ ಪ್ರಾಡಕ್ಟ್ ಕೀ ಇಲ್ಲ’ ಎಂಬುದನ್ನು ಒತ್ತಿ, ಮೊದಲೇ ಫೋಟೋ ತೆಗೆದಿಟ್ಟ ಎಡಿಷನ್ನನ್ನೇ ಆರಿಸಿ. ಬಯೋಸಿನಲ್ಲಿ ಕೀ ಇದ್ದರೆ ಬಹಳಷ್ಟು ಸಲ ಈ ಪ್ರಶ್ನೆಯೇ ಬರುವುದಿಲ್ಲ. ಸೆಟಪ್ ಮಧ್ಯೆ ವೈ-ಫೈ ಸಿಗದಿದ್ದರೆ ಆಂಡ್ರಾಯ್ಡ್ ಮೊಬೈಲನ್ನು ಕೇಬಲ್ಲಿನಲ್ಲಿ ಜೋಡಿಸಿ ಯುಎಸ್‌ಬಿ ಟೆಥರಿಂಗ್ ಹಾಕಿ. ಇಂಟರ್ನೆಟ್ ಬಂದು ಸ್ವಲ್ಪ ಹೊತ್ತಿಗೆ ಆಕ್ಟಿವೇಷನ್ ತಾನಾಗಿ ಆಗುತ್ತದೆ.

ಆಕ್ಟಿವೇಟ್ ಆಗದಿದ್ದರೆ

ಮೊದಲು ಎಡಿಷನ್ ನೋಡಿ. ತೊಂದರೆಯ ಬಹುಪಾಲು ಅಲ್ಲಿಯೇ. ಯಂತ್ರದಲ್ಲಿ ಅಸಲಿಯಾಗಿ ಪ್ರೊ ಡಿಜಿಟಲ್ ಲೈಸೆನ್ಸ್ ಇದ್ದು, ಬಯೋಸಿನ ಕೀಯಿಂದಾಗಿ ಹೋಮ್ ಕೂತಿದ್ದರೆ, ಇಂಟರ್ನೆಟ್ ಕಡಿದು, ಚೇಂಜ್ ಪ್ರಾಡಕ್ಟ್ ಕೀಯಲ್ಲಿ 3ವಿ66ಟಿಯಿಂದ ಕೊನೆಯಾಗುವ ಆ ಸಾಮಾನ್ಯ ಕೀ ಹಾಕಿ. ಯಂತ್ರ ಪ್ರೊ ಆದ ಮೇಲೆ ಇಂಟರ್ನೆಟ್ ಜೋಡಿಸಿದರೆ ಸರ್ವರ್ ಗುರುತಿಸುತ್ತದೆ.

ಎಡಿಷನ್ ಸರಿಯಿದ್ದರೆ ಎರರ್ ನಂಬರ್ ಓದಿ. 0ಎಕ್ಸ್‌ಸಿ004ಎಫ್211 ಅಂದರೆ ಹಾರ್ಡ್‌ವೇರ್ ಬದಲಾಗಿದೆ ಎಂದು ಸರ್ವರ್ ಹೇಳುತ್ತಿದೆ. ಬರೀ ಡಿಸ್ಕ್ ಬದಲಿಸಿದಾಗ ಇದು ಬರುವುದು ಅಪರೂಪ, ಬಂದರೆ ಆಕ್ಟಿವೇಷನ್ ಪುಟದ ಟ್ರಬಲ್‌ಶೂಟರ್ ತೆರೆದು ‘ಈಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ’ ಎಂಬುದನ್ನು ಆರಿಸಿ ನಿಮ್ಮ ಅಕೌಂಟಿನಿಂದ ಸೈನ್ ಇನ್ ಆಗಿ. 0ಎಕ್ಸ್‌ಸಿ004ಸಿ008 ಅಂದರೆ ಆ ಕೀ ಬೇರೆ ಯಂತ್ರದಲ್ಲಿ ಈಗಾಗಲೇ ಬಳಕೆಯಾಗಿದೆ. 0ಎಕ್ಸ್‌ಸಿ004ಸಿ003 ಅಂದರೆ ಕೀಯನ್ನೇ ತಡೆಹಿಡಿಯಲಾಗಿದೆ. ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ಮಾರುವ ಕೀಗಳು ಕೊನೆಗೆ ತಲುಪುವುದು ಹೆಚ್ಚಾಗಿ ಈ ಎರಡರಲ್ಲೊಂದಕ್ಕೆ. 0ಎಕ್ಸ್‌ಸಿ004ಎಫ್074 ಬಂದರೆ ಯಂತ್ರ ಕೆಎಂಎಸ್ ಸರ್ವರ್ ಹುಡುಕುತ್ತಿದೆ: ಒಂದೋ ಕಚೇರಿಯ ನೆಟ್‌ವರ್ಕಿಗೆ ಜೋಡಿಸಬೇಕು, ಇಲ್ಲವೇ ಹಳೆಯ ಕ್ರ್ಯಾಕಿನ ಕುರುಹು ಉಳಿದಿದೆ.

ಇಲ್ಲೊಂದು ಮಾತು. ಸರ್ವಿಸ್ ಸೆಂಟರಿನಲ್ಲಿ ವಾರಂಟಿಯಡಿ ಮದರ್‌ಬೋರ್ಡೇ ಬದಲಾಗಿದ್ದರೆ, ಹೊಸ ಬೋರ್ಡಿನ ಬಯೋಸಿಗೆ ಕೀ ಬರೆದುಕೊಡುವುದು ಲ್ಯಾಪ್‌ಟಾಪ್ ಕಂಪನಿಯ ಕೆಲಸ. ಯಂತ್ರ ಕೈಗೆ ತೆಗೆದುಕೊಳ್ಳುವಾಗ ಅಲ್ಲೇ ಆಕ್ಟಿವೇಷನ್ ಪುಟ ತೆರೆಸಿ ನೋಡಿ, ಮನೆಗೆ ಬಂದ ಮೇಲಲ್ಲ.

ನಿಜವಾಗಿ ಹೋಗುವಂಥವು

ವಿಂಡೋಸ್ ಬೋರ್ಡಿನಲ್ಲಿದೆ. ಆದರೆ ನಮ್ಮ ಊರುಗಳ ಅಂಗಡಿ, ಕಚೇರಿ, ಕಾರ್ಖಾನೆಗಳಲ್ಲಿ ದಿನದ ಕೆಲಸ ನಿಲ್ಲಿಸುವುದು ವಿಂಡೋಸ್ ಅಲ್ಲ.

ಟ್ಯಾಲಿ ಮೊದಲನೆಯದು. ಎಪಿಎಂಸಿ ಅಡತ್ ಅಂಗಡಿಯಿಂದ ಹಿಡಿದು ಇಳಕಲ್ ಸೀರೆ ವ್ಯಾಪಾರದವರೆಗೆ ಲೆಕ್ಕವೆಲ್ಲ ಅದರಲ್ಲೇ. ಅದರ ಲೈಸೆನ್ಸ್ ಯಂತ್ರಕ್ಕೆ ಕಟ್ಟಿರುತ್ತದೆ. ಫಾರ್ಮ್ಯಾಟ್ ಹೊಡೆಯುವ ಮೊದಲು ಎಫ್1 ಒತ್ತಿ, ಸೆಟ್ಟಿಂಗ್ಸ್, ಲೈಸೆನ್ಸ್, ಅಲ್ಲಿ ಸರೆಂಡರ್ ಮಾಡಬೇಕು, ಇಂಟರ್ನೆಟ್ ಇರಬೇಕು. ಆಮೇಲೆ ಹೊಸ ಡಿಸ್ಕಿನಲ್ಲಿ ಲೈಸೆನ್ಸಿಗೆ ನೋಂದಾಯಿಸಿದ ಇ-ಮೇಲ್ ಮತ್ತು ಪಾಸ್‌ವರ್ಡಿನಿಂದ ರೀಆಕ್ಟಿವೇಟ್. ಆ ಇ-ಮೇಲ್ ಹಿಂದೆ ಇದ್ದ ಅಕೌಂಟೆಂಟರದ್ದೋ, ಟ್ಯಾಲಿ ಮಾರಿದವರದ್ದೋ ಆಗಿರುವುದುಂಟು, ಮೊದಲೇ ಖಾತ್ರಿ ಮಾಡಿಕೊಳ್ಳಿ. ಲೈಸೆನ್ಸ್ ಸಿಗದೆ ಎಜುಕೇಷನಲ್ ಮೋಡಿಗೆ ಇಳಿದರೆ ತಿಂಗಳ 1, 2ರಂಥ ಕೆಲವೇ ತಾರೀಖಿನ ವೋಚರ್ ಮಾತ್ರ ಹಾಕಬಹುದು. ಡೇಟಾ ಸಾಮಾನ್ಯವಾಗಿ ಸಿ ಡ್ರೈವಿನ ಯೂಸರ್ಸ್, ಪಬ್ಲಿಕ್, ಟ್ಯಾಲಿಪ್ರೈಮ್, ಡೇಟಾ ಫೋಲ್ಡರಿನಲ್ಲಿ ಇರುತ್ತದೆ. ಅದರ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿದ ಮೇಲೇ ಮುಂದುವರಿಯಿರಿ. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು ಜಿಎಸ್‌ಟಿಆರ್-1ರ 11ನೇ ತಾರೀಖು, 3ಬಿಯ 20ನೇ ತಾರೀಖು ದಾಟಿದ ಮೇಲೆ ಡಿಸ್ಕ್ ಬದಲಿಸುವ ಕೆಲಸ ಇಟ್ಟುಕೊಳ್ಳಿ.

ಡಿಜಿಟಲ್ ಸಿಗ್ನೇಚರಿನ ಯುಎಸ್‌ಬಿ ಟೋಕನ್ ಇದ್ದವರು ಹೆದರಬೇಕಿಲ್ಲ. ಸಹಿಯ ಕೀ ಟೋಕನ್ನಿನೊಳಗೇ ಇದೆ, ಡಿಸ್ಕಿನಲ್ಲಲ್ಲ. ಆಯಾ ಟೋಕನ್ನಿನ ಡ್ರೈವರ್ ಮತ್ತೆ ಹಾಕಿದರೆ ಸಾಕು.

ಕನ್ನಡದ ಕಡತಗಳ ವಿಚಾರ ಎಲ್ಲರೂ ಮರೆಯುತ್ತಾರೆ. ಶಾಲೆ, ಪಂಚಾಯತಿ, ಸಹಕಾರಿ ಸಂಘ, ಡಿಟಿಪಿ ಅಂಗಡಿಗಳಲ್ಲಿ ಇಪ್ಪತ್ತು ವರ್ಷದ ಕಡತಗಳು ನುಡಿ ಅಥವಾ ಬರಹದ ಹಳೆಯ, ಯುನಿಕೋಡ್ ಅಲ್ಲದ ಫಾಂಟುಗಳಲ್ಲಿವೆ. ಆ ಫಾಂಟ್ ಇಲ್ಲದ ಹೊಸ ವಿಂಡೋಸಿನಲ್ಲಿ ಅವು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಫೈಲ್ ಕೆಟ್ಟಿತೆಂದು ಅಳಿಸಬೇಡಿ. ಹಳೆ ಡಿಸ್ಕಿನ ವಿಂಡೋಸ್ ಫೋಲ್ಡರಿನಲ್ಲಿರುವ ಫಾಂಟ್ಸ್‌ನಿಂದ ನುಡಿ ಹೆಸರಿನವನ್ನೂ ಬಿಆರ್‌ಎಚ್ ಎಂದು ಶುರುವಾಗುವ ಬರಹದವನ್ನೂ ಎಲ್ಲ ನಕಲು ಮಾಡಿ ತಂದು ಹಾಕಿದರೆ ಅಕ್ಷರ ಮರಳಿ ಬರುತ್ತದೆ.

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಂಥ ಕಡೆ ಸಿಎನ್‌ಸಿ (ಕಂಪ್ಯೂಟರಿನಿಂದ ನಡೆಯುವ ಲೋಹ ಕತ್ತರಿಸುವ) ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರುಗಳ ಕತೆ ಬೇರೆ. ಡಾಂಗಲ್ (ಲೈಸೆನ್ಸ್ ಇಟ್ಟಿರುವ ಯುಎಸ್‌ಬಿ ಕಡ್ಡಿ) ಇರುವ ಕ್ಯಾಮ್ ಸಾಫ್ಟ್‌ವೇರ್, ಅಂದರೆ ಆ ಯಂತ್ರಕ್ಕೆ ಕೆಲಸ ಬರೆದುಕೊಡುವ ಸಾಫ್ಟ್‌ವೇರ್, ಆದರೆ ಚಿಂತೆಯಿಲ್ಲ. ಕೆಲವು ಸಾಫ್ಟ್‌ವೇರುಗಳ ಲೈಸೆನ್ಸ್ ಫೈಲು ಸಿ ಡ್ರೈವಿನ ವಾಲ್ಯೂಮ್ ಸೀರಿಯಲ್ ನಂಬರಿಗೆ ಕಟ್ಟಿರುತ್ತದೆ. ಕಮಾಂಡ್ ಪ್ರಾಂಪ್ಟಿನಲ್ಲಿ ವಿಒಎಲ್ ಸಿ: ಎಂದರೆ ಅದು ಕಾಣುತ್ತದೆ, ನಡುವೆ ಅಡ್ಡಗೆರೆ ಇರುವ ಎಂಟು ಅಕ್ಷರ. ಫಾರ್ಮ್ಯಾಟ್ ಮಾಡಿದರೆ ಆ ನಂಬರ್ ಬದಲಾಗುತ್ತದೆ, ಸೆಕ್ಟರ್ ಮಟ್ಟದ ಕ್ಲೋನಿನಲ್ಲಿ ಹಾಗೇ ಉಳಿಯುತ್ತದೆ. ಇಂಥ ಯಂತ್ರಗಳಿಗೆ ಕ್ಲೋನ್ ಬಿಟ್ಟು ಬೇರೆ ಯೋಚನೆ ಬೇಡ. ಹಳೆ ಡಿಸ್ಕನ್ನು ಹಾಗೇ ಕಟ್ಟಿಡಿ.

ಲ್ಯಾಪ್‌ಟಾಪಿನ ಜತೆ ಬಂದ ಆಫೀಸ್, ಮೊದಲ ದಿನ ಬಳಸಿದ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ. ಅದೇ ಅಕೌಂಟಿನಿಂದ ಸೈನ್ ಇನ್ ಆಗಿ ಮತ್ತೆ ಇಳಿಸಿಕೊಳ್ಳಬಹುದು.

ಹಳೆ ಡಿಸ್ಕ್

ಒಂದು ತಿಂಗಳು ಮುಟ್ಟಬೇಡಿ. ಮರೆತ ಫೋಲ್ಡರ್ ನೆನಪಾಗಲು ಅಷ್ಟು ದಿನ ಬೇಕು. ಅದೇ ಯಂತ್ರದಲ್ಲಿ ವಿಂಡೋಸ್ ಮುಂದುವರಿಯುತ್ತಿರುವುದರಿಂದ ಹಳೆ ಡಿಸ್ಕಿನಿಂದ ಲೈಸೆನ್ಸ್ ‘ತೆಗೆಯುವ’ ಕೆಲಸವೇನೂ ಇಲ್ಲ. ರಿಟೇಲ್ ಕೀಯನ್ನು ಬೇರೆ ಕಂಪ್ಯೂಟರಿಗೆ ಒಯ್ಯುವವರು ಮಾತ್ರ ಹಳೆ ಯಂತ್ರದಲ್ಲಿ ಎಸ್‌ಎಲ್‌ಎಂಜಿಆರ್ /ಯುಪಿಕೆ ಓಡಿಸಿ ಕೀ ತೆಗೆದು, ಹೊಸದರಲ್ಲಿ /ಐಪಿಕೆ ಜತೆ ಕೀ ಹಾಕಿ, /ಎಟಿಒ ಎಂದು ಆಕ್ಟಿವೇಟ್ ಮಾಡಬೇಕು.

ಡಿಸ್ಕನ್ನು ಮಾರುವುದಾದರೆ, ಯಾರಿಗಾದರೂ ಕೊಡುವುದಾದರೆ, ಬರೀ ಫಾರ್ಮ್ಯಾಟ್ ಸಾಲದು. ಕ್ವಿಕ್ ಫಾರ್ಮ್ಯಾಟ್ ಆದ ಡಿಸ್ಕಿನಿಂದ ಫೋಟೋ, ಪಾಸ್‌ಬುಕ್ಕಿನ ಸ್ಕ್ಯಾನ್ ಮರಳಿ ತೆಗೆಯುವುದು ಸುಲಭ. ಡಿಸ್ಕ್‌ಪಾರ್ಟ್ ತೆರೆದು ಲಿಸ್ಟ್ ಡಿಸ್ಕ್, ಸೆಲೆಕ್ಟ್ ಡಿಸ್ಕ್, ಆಮೇಲೆ ಕ್ಲೀನ್ ಆಲ್. ಡಿಸ್ಕಿನ ತುಂಬ ಸೊನ್ನೆ ಬರೆಯುವುದರಿಂದ 500 ಜಿಬಿಗೆ ಒಂದೂವರೆಯಿಂದ ಎರಡು ತಾಸು ಹಿಡಿಯುತ್ತದೆ. ಸೆಲೆಕ್ಟ್ ಮಾಡುವಾಗ ಡಿಸ್ಕ್ ನಂಬರನ್ನು ಗಾತ್ರದೊಂದಿಗೆ ತಾಳೆ ನೋಡಿ. ಹಳೆಯದೂ ಹೊಸದೂ ಒಂದೇ ಗಾತ್ರದವಾಗಿದ್ದರೆ ಈ ಕೆಲಸವನ್ನು ಹೊಸ ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಮಾಡದೆ ಬೇರೆ ಗಾತ್ರದ ಡಿಸ್ಕಿರುವ ಯಂತ್ರದಲ್ಲಿ ಮಾಡಿ.